ಪಾಲಕರು ಬಂದರು, ಪಾಲಕ್ ಬರಲಿಲ್ಲ

ಹೈದರಾಬಾದಿನಲ್ಲಿ ಐಟಿ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲ. ಅಂಥದೊಂದರಲ್ಲಿ ಕೂತು ನಾನು ಅಮೆರಿಕದ ಬ್ಯಾಂಕುಗಳ ತಪ್ಪು ತಿದ್ದುತ್ತಿದ್ದೆ. ಅಂಥವನಿಗೆ ಪಾಲಕ್ ಸೊಪ್ಪು ಯಾವ ಲೆಕ್ಕ!

ನಮ್ಮ ಮನೆ ತಾರ್ನಾಕದಲ್ಲಿ. ಮಗಳು ಮಿಂಚುವಿನ ಶಾಲೆಯೂ ಅಲ್ಲೇ. ಶಾಲೆಗೆ ಬಂದ ಡಾಕ್ಟರು ಮಿಂಚುವನ್ನು ನೋಡಿ, "ರಕ್ತ ಕಡಿಮೆ, ಸೊಪ್ಪು ತಿನ್ನಿಸಿ" ಎಂದಿದ್ದರು. ಅವಳೋ ಸೊಪ್ಪು ಕಂಡರೆ ಬಾಯಿಗೆ ಬೀಗ ಹಾಕುವವಳು. ಹೆಡ್‌ಮಿಸ್ಸು ಶಾಲೆಯ ಹಿಂದೆ ಕೈತೋಟ ಮಾಡೋಣ, ತಾವೇ ಬೆಳೆದದ್ದಾದರೆ ಮಕ್ಕಳು ತಿಂದಾರು ಎಂದರು. ಉಸ್ತುವಾರಿ ಯಾರದೆಂದು ಕೇಳುವಷ್ಟರಲ್ಲಿ ನನ್ನ ಕೈ ಮೇಲಿತ್ತು.

ಮಕ್ಕಳು ಪಾಲಕ್ ಬೀಜ ಬಿತ್ತಿದರು. ಮೊಳಕೆಯೂ ಬಂತು. ಕಳೆ ಕೀಳುವ ಪುಣ್ಯಕಾರ್ಯವನ್ನು ಖುದ್ದಾಗಿ ನೆರವೇರಿಸಿದೆ. ಉಳಿದ ಗಿಡಗಳಿಗೆ ಗೊಬ್ಬರ ಹಾಕಿ, ಯಾರೂ ಹತ್ತಿರ ಸುಳಿಯಕೂಡದೆಂದು ಸುತ್ತ ಹಗ್ಗ ಕಟ್ಟಿಸಿದೆ. ಮೊಣಕಾಲೆತ್ತರ ಬೆಳೆದವು! ಕೊಯ್ಲಿನ ಹಿಂದಿನ ದಿನ ಹೆಂಡತಿ ಸಾವಿತ್ರಿಯನ್ನು ಹೆಮ್ಮೆಯಿಂದ ಕರೆದೊಯ್ದೆ. ಅವಳು ಕಲಬುರಗಿಯವಳು.

"ಏನ್ರೀ, ಇದೇನು ಸಾಕಾಕತ್ತೀರಿ?"

"ಪಾಲಕ್!"

"ಪಾಲಕ್ ಕಿತ್ತು ಒಗದೀರಿ. ಇದು ಕಳೆ ಐತ್ರಿ!"

ಮರುದಿನ ಕೊಯ್ಲು ನೋಡಲು ಪಾಲಕರೆಲ್ಲ ಬರುವವರು. ಪಾಲಕ್ ಮಾತ್ರ ಇಲ್ಲ!

ಬೆಳಗಾಗುತ್ತಲೇ ಸ್ಕೂಟರ್ ಹತ್ತಿದೆ. ತಾರ್ನಾಕದಲ್ಲಿ ಕೊಂಡರೆ ಯಾರಾದರೂ ಕಂಡಾರೆಂದು ದೂರದ ಮೆಹದಿಪಟ್ಟಣಂ ಮಾರ್ಕೆಟ್ಟಿಗೆ ಹೋಗಿ, ಬೇರು ಸಮೇತವಿದ್ದ ಪಾಲಕ್ ಕಟ್ಟುಗಳನ್ನು ತಂದೆ. ಕಳೆ ಕಿತ್ತೆಸೆದು, ಕಟ್ಟು ಕಟ್ಟಾಗಿಯೇ ನೆಟ್ಟೆ. ಹಸಿರೋ ಹಸಿರು! ಹೆಡ್‌ಮಿಸ್ಸು "ಬಹುತ್ ಖೂಬ್!" ಎಂದರು. ಪಾಲಕರು ಚಪ್ಪಾಳೆ ತಟ್ಟಿದರು. ಮೊದಲ ಗಿಡ ಕೀಳುವ ಗೌರವ ಮಿಂಚುವಿಗೆ. ಅವಳು ಎಳೆದಳು. ಇಡೀ ಕಟ್ಟೇ ಎದ್ದು ಬಂತು.

"ಅಪ್ಪಾ, ರಬ್ಬರ್ ಬ್ಯಾಂಡೂ ಬೆಳದೈತಿ!"

ಮೊದಲು ನಕ್ಕವಳು ಸಾವಿತ್ರಿ. ಆಮೇಲೆ ಇಡೀ ಶಾಲೆ. ಭೂಮಿ ಬಾಯ್ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ಪಾಲಕ್ಕನ್ನೇ ಕೊಡದ ಭೂಮಿ ಆ ಉಪಕಾರ ಮಾಡೀತೇ!

ಆದರೂ ಸೊಪ್ಪು ದಂಡವಾಗಲಿಲ್ಲ. ಅಲ್ಲೇ ಬೇಳೆ ಹಾಕಿ ಬೇಯಿಸಿದರು. ಮಿಂಚು ತಟ್ಟೆ ಬಳಿದು ತಿಂದು, ಮತ್ತೆ ಹಾಕಿಸಿಕೊಂಡಳು! ನನ್ನ ಕಣ್ಣು ತುಂಬಿತು. ಇಷ್ಟು ದಿನದ ಶ್ರಮ ಸಾರ್ಥಕವಾಯಿತು ಎಂದುಕೊಂಡು ಕೇಳಿದೆ:

"ಅಷ್ಟು ಚೆನ್ನಾಗಿದೆಯೇನೇ, ಪುಟ್ಟಿ?"

"ಹೂಂ. ಇದು ನೀ ಬೆಳಸಿದ್ದಲ್ಲಲ್ಲ ಅಪ್ಪಾ, ಅದಕ್ಕ ಹೆದರದ ತಿಂದೆ!"