ಎಡಗಡೆ ಚಕ್ರದ ಭೂತ

ರಾಜಾಜಿನಗರದಲ್ಲಿ ವರ್ಕ್‌ಶಾಪ್ ನಡೆಸ್ತಿದ್ದ ನಾನು ದೆವ್ವ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅವು ತಾವಾಗೇ ಗಾಡಿ ಹತ್ತಿಕೊಂಡು ಬರ್ತಿದ್ದವು.

೧. ತಾನೇ ತಿರುಗಿದ ಚಕ್ರ

ನಿವೃತ್ತ ಅಧಿಕಾರಿಯೊಬ್ಬರು ಹಳೇ ಕಾರು ತಂದಿದ್ದರು. ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಕೊಟ್ಟು, ನಾನು ಒಂದು ಬದಿಯಲ್ಲಿ ಕೂತು ಬೇರಿಂಗ್ ನೋಡ್ತಿದ್ದೆ. ಇನ್ನೊಂದು ಬದಿಯಲ್ಲಿ ಸ್ಟೂಲ್ ಮೇಲೆ ಅವರೊಬ್ಬರೇ. ಮಟಮಟ ಮಧ್ಯಾಹ್ನ, ಶೆಡ್ಡಿನಲ್ಲಿ ಸದ್ದಿಲ್ಲ. ಅವರ ಮೊಣಕಾಲ ಪಕ್ಕದ ಚಕ್ರ ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು.

"ಯಾರದು?" ಅಂದರು. ಚಕ್ರ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿತು.

ನಾನು ಎದ್ದು ನೋಡಿದರೆ ಅವರ ಮುಖ ಬಿಳಿಚಿಕೊಂಡಿತ್ತು. "ನಾನೇ ಸಾರ್. ಈ ಕಡೇದು ಮುಂದಕ್ಕೆ ತಿರುಗಿಸಿದ್ರೆ ಆ ಕಡೇದು ಹಿಂದಕ್ಕೆ ಹೋಗುತ್ತೆ."

ಬೆವರು ಒರೆಸಿಕೊಂಡರು. "ಮೂವತ್ತು ವರ್ಷದಿಂದ ನಮ್ಮನೇಲಿ ನಡೀತಿರೋದೂ ಇದೇ ಕಣಯ್ಯ."

೨. ಕಿರುಚಿದ ನಟ್ಟು

ಆಗಿನ ಕೆಲವು ಲಾರಿಗಳ ಎಡಗಡೆ ಚಕ್ರದ ನಟ್ಟಿಗೆ ಉಲ್ಟಾ ಥ್ರೆಡ್ಡು. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಇದು ಗೊತ್ತಿಲ್ಲದ ಹೊಸ ಫಿಟ್ಟರ್ ಒಬ್ಬ, ಬಿಚ್ಚೋಕೆ ಅಂತ ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ, ಎಡಕ್ಕೆ ತಿರುಗಲಿ ಅಂತ ಮೇಲೆ ಹತ್ತಿ ನಿಂತ. ಚಕ್ರದೊಳಗಿಂದ ಹೆಂಗಸು ಚೀರಿದಂಥ ಸದ್ದು. ಎಲ್ಲರೂ ಕೆಲಸ ಬಿಟ್ಟು ನಿಂತೆವು. ಆಮೇಲೆ ಫಟ್ ಅಂತು, ಅವನು ಕೆಳಗೆ ಬಿದ್ದ.

ಎದ್ದು ಬಂದು, ಮುರಿದ ಬೋಲ್ಟಿನ ಸಮೇತ ನಟ್ಟನ್ನು ನನ್ನ ಕೈಗಿಟ್ಟ. "ಬಿಚ್ಚಿದೆ ಸಾರ್."

೩. ಸತ್ತ ಡ್ರೈವರ್

ಮಲ್ಲತ್ತಹಳ್ಳಿ ಗೌಡರೊಬ್ಬರ ಇಟ್ಟಿಗೆ ಲಾರಿಯ ಡ್ರೈವರ್ ಕಾಯಿಲೆಯಿಂದ ತೀರಿಕೊಂಡ ಮೇಲೆ ಹೊಸಬ ಬಂದ. ಅಲ್ಲೀವರೆಗೆ ಕಾರು ಓಡಿಸ್ತಿದ್ದವನು. ಅವನು ಬಂದಾಗಿನಿಂದ ಎಡಗಡೆ ಮುಂದಿನ ಚಕ್ರದ ನಟ್ಟು ಸಡಿಲವಾಗತೊಡಗಿದವು. ನಾವು ಬಿಗಿ ಮಾಡಿ ಕಳಿಸಿದರೆ ಎರಡೇ ದಿನಕ್ಕೆ ವಾಪಸ್. ಬಲಗಡೆ ಮಾತ್ರ ಏನೂ ಇಲ್ಲ.

"ಹೋಗ್ತಾ ಹೋಗ್ತಾ ಚಕ್ರ ನರಳುತ್ತೆ ಸಾರ್. ಸತ್ತವನ ಸೀಟಲ್ಲಿ ನಾನು ಕೂರೋದು ಅವನಿಗೆ ಇಷ್ಟ ಇಲ್ಲ."

ನಿಂಬೆಹಣ್ಣು ಕಟ್ಟಿದ, ಕೋಳಿ ಕೊಯ್ಯಿಸಿದ. ಒಂದು ಬೆಳಗ್ಗೆ ಕೆಂಗೇರಿ ಹತ್ತಿರ ಚಕ್ರ ಕಳಚಿ ಲಾರಿಗಿಂತ ಮುಂದೆ ಓಡಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಲಾರಿ ಎಳೆಸಿಕೊಂಡು ಬಂದವನು, "ಹೆಂಡತಿ ಬಸುರಿ ಸಾರ್, ಕೆಲಸ ಬಿಡ್ತೀನಿ" ಅಂದ.

ನನಗೂ ಒಳಗೊಳಗೆ ಅಳುಕು. ಚಕ್ರ ಹಾಕಿಸಿ, "ದಿನಾ ಗಾಡಿ ತೆಗೆಯೋ ಮುಂಚೆ ಏನು ಮಾಡ್ತೀಯೋ ಹಾಗೇ ಮಾಡಿ ತೋರಿಸು" ಅಂದೆ.

ಕಣ್ಣು ಮುಚ್ಚಿ, ಸತ್ತವನ ಹೆಸರು ಹೇಳಿ ಕ್ಷಮೆ ಕೇಳಿದ. ಸ್ಪ್ಯಾನರ್ ತಗೊಂಡು, "ಅವನು ಬಿಚ್ತಾನೆ, ನಾನು ಬಿಗಿ ಮಾಡ್ತೀನಿ" ಅನ್ನುತ್ತಾ ಒಂದೊಂದೇ ನಟ್ಟನ್ನು ಬಲಕ್ಕೆ ತಿರುಗಿಸಿದ.

ನನ್ನ ಮೈ ಜುಂ ಅಂತು. ಕೈ ಹಿಡಿದು ನಿಲ್ಲಿಸಿ, ಉಲ್ಟಾ ಥ್ರೆಡ್ಡಿನ ವಿಷಯ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟ.

"ಅಂದ್ರೆ ಬಿಚ್ತಿದ್ದೋನು ನಾನೇನಾ ಸಾರ್?"

"ಹೂಂ."

ಡ್ರೈವರ್ ಪಕ್ಕದ ಖಾಲಿ ಸೀಟಿನ ಕಡೆ ನೋಡಿ ಮೆಲ್ಲಗೆ ಅಂದ: "ಪಾಪ, ನನ್ನ ಪಕ್ಕ ಕೂತು ಅವನು ಎಷ್ಟು ಹೆದರಿಕೊಂಡಿದ್ನೋ."