ಮೂರು ಸಲವೂ ರೇಣುಕಮ್ಮನನ್ನೇ ಕೊನೆಗಿಟ್ಟ ರ‍್ಯಾಂಡಮ್ ನಂಬರಿನವರಿಗೆ

ಮಾನ್ಯರೇ,

ನನ್ನ ಪುಟ್ಟ ಪ್ರೋಗ್ರಾಮಿನ ಹದಿನಾಲ್ಕನೆಯ ಸಾಲಿನಲ್ಲಿ ಆಸೀನರಾಗಿರುವ ತಮಗೆ ತುರ್ವಿಹಾಳದ ಗದ್ದೆಪ್ಪನ ಮಗಳು ನಂದಿನಿಯ ಸವಿನಯ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ತಮಗೆ ಬಿಸಿಲು ತಾಗುವುದಿಲ್ಲ. ಇಲ್ಲಿ ಇಂದು ಬೆಳಿಗ್ಗೆ ರೇಣುಕಮ್ಮನ ಸಸಿಮಡಿಯಲ್ಲಿ ಬೆಳ್ಳಕ್ಕಿಯೊಂದು ಈ ಬದುವಿನಿಂದ ಆ ಬದುವಿಗೆ ಕಾಲು ಒದ್ದೆಯಾಗದಂತೆ ನಡೆದು ಹೋಯಿತು. ಭತ್ತದ ಸಸಿಯ ನಡುವೆ ಬೆಳ್ಳಕ್ಕಿಯ ಪಾದವನ್ನು ನಾನು ನೋಡಿದ್ದು ಇದೇ ಮೊದಲು. ಈ ಅಪರೂಪದ ನೋಟಕ್ಕೆ ತಾವೇ ಕಾರಣರಾದ್ದರಿಂದ ಕೃತಜ್ಞತೆ ಸಲ್ಲಿಸಲು ಈ ಪತ್ರ.

ನಮ್ಮ ತೂಬಿನ ಕೆಳಗೆ ಒಂಬತ್ತು ಮನೆಯವರ ಹೊಲಗಳಿವೆ. ಈಗ ಕಾಲುವೆಗೆ ಒಮ್ಮೆ ನೀರು ಬಿಟ್ಟರೆ ಏಳು ದಿನ, ಮನೆಗೊಂದು ದಿನದಂತೆ, ಆಮೇಲೆ ಬಂದ್. ಸರದಿಯ ಕೊನೆಯ ಇಬ್ಬರಿಗೆ ಉಳಿಯುವುದು ಕೆಸರು. ಆದ್ದರಿಂದ ಪ್ರತಿ ನೀರಿಗೂ ಹೊಸದಾಗಿ ಚೀಟಿ ಎತ್ತುವುದು ನಮ್ಮ ಪದ್ಧತಿ. ಎತ್ತುವವರು ಖಾತೂನ್‌ಬೀ ಅಜ್ಜಿ. ಅವರಿಗೆ ಹೊಲವಿಲ್ಲ, ಓದು ಬರುವುದಿಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೇಲಾಗಿ ಒಂಬತ್ತೂ ಮನೆಯವರ ಮೇಲೆ ಸಮನಾದ ಸಿಟ್ಟಿದೆ. ಇಷ್ಟೆಲ್ಲ ಅರ್ಹತೆಯಿದ್ದವರನ್ನು ಕೆಳಗಿಳಿಸಿ ಆ ಜಾಗಕ್ಕೆ ತಮ್ಮನ್ನು ತಂದು ಕೂರಿಸಿದವಳು ನಾನು.

ಬಸ್ಸು ನಿಲ್ಲಿಸಿರೆಂದು ಕಂಡಕ್ಟರಿಗೆ ಹೇಳಲಾಗದೆ ಮುಂದಿನ ಸ್ಟಾಪಿನಲ್ಲಿಳಿದು ನಡೆದು ಬರುವವಳು ನಾನು. ಕನ್ನಡ ಎಂ.ಎ. ಮುಗಿಸಿ ಸಿಂಧನೂರಿನ ಕಂಪ್ಯೂಟರ್ ಸೆಂಟರಿಗೆ ಸೇರಿದ ಮೂರನೆಯ ವಾರಕ್ಕೇ ಅಪ್ಪ ಕಟ್ಟೆಯ ಮೇಲೆ, ಇನ್ನು ಮುಂದೆ ನಮ್ಮ ನಂದಿನಿಯ ಲ್ಯಾಪ್‌ಟಾಪೇ ಸರದಿ ಹೇಳುತ್ತದೆಂದು ಸಾರಿಬಿಟ್ಟ. ಬೇಡವೆನ್ನಲು ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕಾಗುತ್ತಿತ್ತು. ಪ್ರೋಗ್ರಾಂ ಬರೆಯುವುದು ಅದಕ್ಕಿಂತ ಸುಲಭವೆನಿಸಿತು.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ನೀರಿಗೆ ತಾವು ನಮ್ಮ ಹೊಲವನ್ನು ಮೊದಲಿಗೂ ರೇಣುಕಮ್ಮನದನ್ನು ಕೊನೆಗೂ ಇಟ್ಟಿರಿ. ಎರಡನೆಯ ನೀರಿಗೂ ಒಂಬತ್ತು ಹೆಸರು ಅದೇ ಸಾಲಿನಲ್ಲಿ ಬಂದವು, ಯೋಗಾಯೋಗವೆಂದರು. ಇಂದು ಮುಂಜಾನೆ ಮೂರನೆಯದಕ್ಕೂ ತಾವು ಕೊಟ್ಟ ಮಾತಿಗೆ ತಪ್ಪಲಿಲ್ಲ. ಬಸ್ಸಿನ ವೇಳೆ ಬದಲಾಗುತ್ತದೆ, ಆಫೀಸಿನವರ ಮಾತು ಬದಲಾಗುತ್ತದೆ. ಇಡೀ ತಾಲ್ಲೂಕಿನಲ್ಲಿ ನುಡಿದಂತೆ ನಡೆಯುವವರು ತಾವೊಬ್ಬರೇ. ಕರಿಬಸಪ್ಪ ಕಾಕಾ ಅಡಿಕೆ ಉಗುಳಿ, "ಮಗಳನ್ನ ಓದಿಸಿದ್ದು ವಸೂಲಾತು ಬಿಡೋ ಗದ್ದೆಪ್ಪ" ಎಂದರು. ಅಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದು ನಕ್ಕ. ಹದಿನೈದು ದಿನದಿಂದ ಕೊಡದಲ್ಲಿ ನೀರು ಹೊತ್ತು ಮಡಿಗೆ ಸುರಿಯುತ್ತಿರುವ ರೇಣುಕಮ್ಮ ಮಾತ್ರ ಸಿಟ್ಟಾಗಲಿಲ್ಲ. ನನ್ನ ಪಕ್ಕಕ್ಕೆ ಬಂದು ಪರದೆಯನ್ನೇ ನೋಡುತ್ತಾ, "ಯವ್ವಾ, ಇದಕ್ಕ ನನ್ನ ಹೊಲ ಕಾಣವಲ್ದೇನು?" ಎಂದು ಕೇಳಿದಳು.

ಸೆಂಟರಿನ ಸುನೀಲ ಸರ್‌ಗೆ ಫೋನು ಮಾಡಿದಾಗ ಅವರು ನಕ್ಕು ತಿಳಿಸಿದ್ದು ಇಷ್ಟು: ಪ್ರತಿ ಸಲ ಹೊಸದೊಂದು ಆರಂಭದ ಸಂಖ್ಯೆ ಕೊಡದಿದ್ದರೆ, ಪ್ರೋಗ್ರಾಂ ತೆರೆದಾಗಲೆಲ್ಲ ತಾವು ಮೊದಲಿನ ಜಾಗದಿಂದಲೇ ಹೊರಟು ಮೊದಲಿನ ದಾರಿಯನ್ನೇ ಹಿಡಿಯುತ್ತೀರಂತೆ. ಆ ಒಂದು ಸಾಲನ್ನು ಬರೆಯಬೇಕಾದವಳು ನಾನಂತೆ. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಪ್ರೋಗ್ರಾಂ ಮುಚ್ಚದೆ ಒಂದೇ ಸಮನೆ ಹತ್ತು ಸಲ ಕೇಳಿದ್ದೆ. ತಾವು ಹತ್ತು ಬಗೆಯಾಗಿ ಹೇಳಿ ನನ್ನನ್ನು ಮೆಚ್ಚಿಸಿದ್ದಿರಿ. ಕಟ್ಟೆಯ ಮೇಲೆ ಮಾತ್ರ ಪ್ರತಿ ಸಲವೂ ಹೊಸದಾಗಿ ತೆರೆದೆ.

ಹೀಗಾಗಿ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ದಯಮಾಡಿ ತಾವೂ ಕಣ್ಣಿಗೆ ಸ್ವಲ್ಪ ಪೊರೆ ಬರಿಸಿಕೊಳ್ಳಬೇಕು. ನಮ್ಮೆಲ್ಲರ ಮೇಲೂ ಖಾತೂನ್‌ಬೀಯಷ್ಟೇ ಸಿಟ್ಟು ಬೆಳೆಸಿಕೊಳ್ಳಬೇಕು. ಅದಾಗದಿದ್ದರೆ ಒಂದು ಮಧ್ಯಾಹ್ನದ ಮಟ್ಟಿಗೆ ಹದಿನಾಲ್ಕನೆಯ ಸಾಲಿನಿಂದ ಇಳಿದು ಬಂದು ರೇಣುಕಮ್ಮನ ಇನ್ನೊಂದು ಕೊಡ ಹೊರಬೇಕು. ಇವು ಯಾವುವೂ ತಮ್ಮಿಂದಾಗದೆಂದು ಬಲ್ಲೆ. ನಾಳೆ ಕಾಲುವೆಗೆ ನೀರು ಬರುತ್ತದೆ. ಈ ನೀರೂ ತಪ್ಪಿದರೆ ಆಕೆಗೆ ನಾಟಿ ಮಾಡಲು ಸಸಿ ಇರುವುದಿಲ್ಲ.

ಮರೆವಿಲ್ಲದ ತಮಗೆ, ಒಂದು ಸಾಲು ಮರೆತವಳಾದ
ತಮ್ಮ ವಿಶ್ವಾಸಿ,
ನಂದಿನಿ

ತಾ.ಕ.: ಆ ಸಾಲನ್ನು ಮಧ್ಯಾಹ್ನವೇ ಬರೆದಿದ್ದೇನೆ. ಯಾರಿಗೂ ಹೇಳದೆ ಸಂಜೆ ಇನ್ನೊಮ್ಮೆ ಓಡಿಸಿದರೆ ಯಂತ್ರದ ಮನಸ್ಸು ಕರಗಿತೆಂದು ಊರು ತಮಗೆ ಕೈಮುಗಿಯುತ್ತದೆ. ಆ ಮರ್ಯಾದೆ ತಮಗೆ ಸಿಗದಂತೆ ಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಸಂಜೆ ಕಟ್ಟೆಗೆ ಲ್ಯಾಪ್‌ಟಾಪು ಒಯ್ಯುವುದಿಲ್ಲ. ಖಾತೂನ್‌ಬೀಯ ಚೀಟಿ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದೇನೆ, ಉಳಿದ ಸರದಿಗೆ ಅವರೇ ಚೀಟಿ ಎತ್ತಲಿ. ತಪ್ಪು ನನ್ನದು, ನಾಳೆ ನಮಗೆ ಬಂದ ಮೊದಲ ಪಾಳಿಯ ನೀರು ರೇಣುಕಮ್ಮನದು ಎಂಬ ಎರಡು ಮಾತನ್ನು ಒಂಬತ್ತೂ ಮನೆಯವರ ಮುಂದೆ ನಿಂತು ಹೇಳಬೇಕು. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಹಿತ್ತಲಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದೇನೆ. ಎಷ್ಟು ಸಲ ಮೊದಲಿನಿಂದ ಶುರುಮಾಡಿದರೂ ಅದೇ ಮಾತು ಅದೇ ಸಾಲಿನಲ್ಲಿ ಬರುತ್ತಿದೆ. ತಮ್ಮಿಂದ ಕಲಿತದ್ದು ಇದೊಂದೇ.