ಪೆಟ್ಟು ಬಿದ್ದದ್ದು ಖರೆ, ತೋರಿಸೋದು ಹ್ಯಾಂಗ?

ಪೆಟ್ಟು ತಿನ್ನುವುದು ಸುಲಭ, ಪೆಟ್ಟು ತಿಂದಿದ್ದೇನೆಂದು ಕೋರ್ಟಿನಲ್ಲಿ ತೋರಿಸುವುದು ಮಹಾ ಕಷ್ಟ. ಮೂವತ್ತು-ನಲವತ್ತರ ದಶಕದಲ್ಲಿ ನಾನು ಕೊಲ್ಹಾಪುರದ ವಕೀಲರೊಬ್ಬರ ಹತ್ತಿರ ಕಾರಕೂನನಾಗಿದ್ದಾಗ ಇಂಥವು ನಡೆಯುತ್ತಲೇ ಇದ್ದವು. ನಮ್ಮ ಕಡೆ ಬರುವವರು ಕನ್ನಡದವರು, ನ್ಯಾಯಾಧೀಶರು ಮರಾಠಿಯವರು. ನಡುವೆ ಮಾತು ದಾಟಿಸುವ ಕೆಲಸ ನನ್ನದು. ನಗದೆ ದಾಟಿಸಬೇಕಲ್ಲ, ಅದೇ ಫಜೀತಿ.

೧. ಎಡವೋ ಬಲವೋ

ಸುಳಕೂಡದ ಒಬ್ಬ ರೈತ. ಕಾಗಲದ ರಸ್ತೆಯಲ್ಲಿ ಮೋಟಾರು ಹಾಯ್ದು ಬಲ ಮೊಣಕಾಲು ಹೋಗಿತ್ತು. ನೇಗಿಲ ಹಿಂದೆ ನಾಲ್ಕು ಹೆಜ್ಜೆ ನಡೆಯಲಾರ. ಆದರೆ ಡಾಕ್ಟರು ಸರ್ಟಿಫಿಕೇಟಿನಲ್ಲಿ 'ಎಡಗಾಲು' ಎಂದು ಬರೆದಿದ್ದರು. ಮೋಟಾರಿನವರ ವಕೀಲರು ಅದನ್ನೇ ಹಿಡಿದುಕೊಂಡರು.

"ಪೆಟ್ಟು ಬಿದ್ದದ್ದು ಯಾವ ಕಾಲಿಗೆ?"

"ಬಲಗಾಲಿಗ್ರಿ."

"ಡಾಕ್ಟರು ಎಡಗಾಲು ಅಂತ ಬರದಾರಲ್ಲ?"

ರೈತ ತನ್ನ ಎರಡೂ ಕಾಲನ್ನು ನೋಡಿಕೊಂಡ. "ಅಷ್ಟು ಓದಿದವ್ರು ತಪ್ಪು ಬರೀತಾರೇನ್ರಿ? ಎಡಗಾಲೇ ಇರಬೇಕ್ರಿ."

ಅಂದವನೇ ಎಡಗಾಲು ಕುಂಟುತ್ತ ಕಟಕಟೆಯಿಂದ ಇಳಿದ. ಎರಡನೇ ಹೆಜ್ಜೆಗೆ ಬಲಗಾಲು ಭಾರ ತಡೆಯದೆ ಎಲ್ಲರೆದುರು ಧೊಪ್ಪನೆ ಬಿದ್ದ.

ಡಾಕ್ಟರನ್ನು ಕರೆಸಿ ಕೇಳಿದಾಗ ಅವರು ಪಾಪ, ಖರೆ ಹೇಳಿದರು: "ಅವನು ನನ್ನ ಎದುರಿಗೆ ಕೂತಿದ್ದ. ನನ್ನ ಎಡಗಡೆ ಇದ್ದ ಕಾಲನ್ನು ಎಡಗಾಲು ಅಂತ ಬರೆದೆ."

ನ್ಯಾಯಾಧೀಶರು ತಿದ್ದಿಸಿಕೊಂಡು ಹೇಳಿದರು: "ಡಾಕ್ಟರಸಾಹೇಬ, ಇನ್ನು ಮುಂದೆ ರೋಗಿಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ."

೨. ಅಜ್ಜಿಯ ಬಲ

ಗಡಹಿಂಗ್ಲಜದ ವ್ಯಾಪಾರಸ್ಥರ ಮನೆಯ ಅಜ್ಜಿ. ಟಾಂಗಾ ಉರುಳಿ ಭುಜದ ಎಲುಬು ಮುರಿದಿತ್ತು. ಕೈ ಮೊದಲಿನಂತೆ ಆಗುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದರು. ಯಾವ ಕೆಲಸ ಆಗುವುದಿಲ್ಲವೆಂದು ಅಜ್ಜಿ ಬಾಯಿಬಿಟ್ಟು ಹೇಳಿದರೆ ಸಾಕಿತ್ತು.

ನಮ್ಮ ವಕೀಲರು ಕೇಳಿದರು: "ಅಜ್ಜಿ, ಬೀಸಾಕ ಬರ್ತದೇನು?"

"ಯಾಕ ಬರಂಗಿಲ್ಲ? ಬೀಸ್ತೇನಿ."

"ರೊಟ್ಟಿ?"

"ಬಡೀತೇನಿ."

"ನೀರಿನ ಕೊಡ ಎತ್ತಾಕ?"

"ಎರಡು ಎತ್ತೇನು!"

ವಕೀಲರ ಮೋರೆ ಸಣ್ಣದಾಯಿತು. ಆಗ ನನ್ನ ಕಣ್ಣು ಹಿಂದಿನ ಬಾಕಿನ ಮೇಲೆ ಹೋಯಿತು. ಮೂವರು ಸೊಸೆಯರು ಸಾಲಾಗಿ ಕೂತು ಕಿವಿಗೊಟ್ಟು ಕೇಳುತ್ತಿದ್ದರು. ಅಜ್ಜಿಯ ಸೊಂಟದಲ್ಲಿ ಮನೆಯ ಕೀಲಿಕೈ ಗೊಂಚಲು ನೇತಾಡುತ್ತಿತ್ತು. ನಾನು ವಕೀಲರ ಕಿವಿಯಲ್ಲಿ ಹೇಳಿದೆ, ಅವರು ನ್ಯಾಯಾಧೀಶರಿಗೆ ಹೇಳಿದರು. ಸೊಸೆಯರನ್ನು ಹೊರಗೆ ಕಳಿಸಲಾಯಿತು.

ಬಾಗಿಲು ಮುಚ್ಚಿದ್ದೇ ತಡ, ಅಜ್ಜಿ ಸೆರಗು ಕಣ್ಣಿಗೆ ಒತ್ತಿಕೊಂಡಳು. "ಸಾಹೇಬ್ರ, ಒಂದು ತಂಬಿಗಿ ಎತ್ತಾಕ ಆಗಂಗಿಲ್ರಿ. ತುರುಬು ಕಟ್ಟಿಕೊಳ್ಳಾಕೂ ಬರಂಗಿಲ್ಲ. ಅವ್ರಿಗೆ ಗೊತ್ತಾದ್ರ ನಾಳೆನೇ ಕೀಲಿಕೈ ಕೇಳ್ತಾರ."

ನಾನು ಮರಾಠಿಗೆ ದಾಟಿಸಿದೆ. ನ್ಯಾಯಾಧೀಶರು ಎಲ್ಲವನ್ನೂ ಬರೆದುಕೊಂಡು, ಚಷ್ಮಾ ತೆಗೆದು ನನ್ನ ಕಡೆ ಬೆರಳು ತೋರಿಸಿದರು: "ಕಾರಕೂನ, ಈ ಹೇಳಿಕೆಯ ನಕಲು ಸೊಸೆಯರು ಕೇಳಿದರೆ ಕೊಡಬೇಡ."

೩. ಮೋರೆಯಿಲ್ಲದ ಫೋಟೋ

ಇಚಲಕರಂಜಿಯ ಮಗ್ಗದ ಕೆಲಸಗಾರನೊಬ್ಬನ ಕೈ ಯಂತ್ರದ ಪಟ್ಟೆಗೆ ಸಿಕ್ಕು ಮಣಿಕಟ್ಟು ಮುರಿಯಿತು. ಮಾಲಕರು, "ಅದು ಹಳೇ ಉಳುಕು" ಅಂದರು. ದಾವೆ ಸೋಲುವ ಹೊತ್ತು. ಆದರೆ ಅವನನ್ನು ಕಾರಖಾನೆಯಿಂದ ನೇರ ದವಾಖಾನೆಗೆ ಒಯ್ದು ಎಲುಬಿನ ಫೋಟೋ ತೆಗೆಸಿದ್ದರು. ಬೆರಳು ಬಾತಿದ್ದರಿಂದ ಉಂಗುರ ಕಳಚಿ ಬರಲಿಲ್ಲ, ಉಂಗುರದ ಸಮೇತವೇ ಫೋಟೋ ತೆಗೆದಿದ್ದರು. ಹೆಂಡತಿ ಬಂದು ನೋಡುವಷ್ಟರಲ್ಲಿ ಕೈಯೆಲ್ಲ ಪಟ್ಟಿ.

ಕೋರ್ಟಿನಲ್ಲಿ ನಮ್ಮ ವಕೀಲರು ಫೋಟೋ ಕಿಟಕಿಯ ಬೆಳಕಿಗೆ ಹಿಡಿದರು. ಎದುರು ವಕೀಲರು ಎದ್ದರು: "ಇದರಲ್ಲಿ ಮೋರೆಯೇ ಇಲ್ಲ. ಇದು ಇವನ ಕೈ ಅಂತ ಹೇಗೆ ನಂಬೋದು?"

ನ್ಯಾಯಾಧೀಶರೂ ಗಲ್ಲ ಕೆರೆದುಕೊಂಡರು. ಕೆಲಸಗಾರನ ಮುಖ ಬಾಡಿತು.

ಆಗ ಅವನ ಹೆಂಡತಿ ಹಿಂದಿನಿಂದ ನುಗ್ಗಿ ಬಂದಳು. "ನಮ್ಮನಿಯವ್ರದೇ ಕೈ ಸಾಹೇಬ್ರ! ಆಣಿ ಮಾಡಿ ಹೇಳ್ತೇನಿ. ನಾಗರ ಹೆಡಿ ಉಂಗುರ ನೋಡ್ರಿ! ನಮ್ಮಪ್ಪ ಲಗ್ನದಾಗ ಹಾಕಿದ್ದು. ಇಂಥಾದ್ದು ಊರಾಗ ಇನ್ನೊಂದಿಲ್ಲ."

ನ್ಯಾಯಾಧೀಶರು ಫೋಟೋ ನೋಡಿದರು. ಬೆರಳೆಲುಬಿನ ಮೇಲೆ ಹೆಡೆ ಎತ್ತಿದ ನಾಗರ ಸ್ಪಷ್ಟವಾಗಿತ್ತು. "ಖರಂ ಆಹೇ," ಎಂದು ಮರಾಠಿಯಲ್ಲೇ ಒಪ್ಪಿ ತಲೆಯಾಡಿಸಿ, ಫೋಟೋ ಇವನದೇ ಎಂದು ಬರೆಯತೊಡಗಿದರು. ದಾವೆ ಗೆದ್ದಂತೆಯೇ. ನಮ್ಮ ವಕೀಲರು ನಕ್ಕರು, ನಾನೂ ನಕ್ಕೆ.

ಹೆಂಡತಿ ಮಾತ್ರ ನಗಲಿಲ್ಲ. ನಿಧಾನಕ್ಕೆ ಗಂಡನ ಕಡೆ ತಿರುಗಿದಳು.

"ಅಲ್ರಿ, ನನ್ನ ತಮ್ಮನ ಲಗ್ನಕ್ಕ ಈ ಉಂಗುರ ಕೊಡೂಣು ಅಂದಾಗ, ಪಂಚಗಂಗಾ ಹೊಳ್ಯಾಗ ಬಿತ್ತು ಅಂದಿದ್ರಲ್ಲ? ಅವನ ಲಗ್ನ ಆಗಿ ವರ್ಷ ಆತು, ಕೈ ಮುರಿದು ಮೂರು ತಿಂಗಳೂ ಆಗಿಲ್ಲ! ಕಾರಖಾನ್ಯಾಗ ಕದ್ದು ಹಾಕ್ಕೋತಿದ್ರೇನು?"

ಕೆಲಸಗಾರ ಮೆಲ್ಲಗೆ ನನ್ನ ಕಡೆ ಬಾಗಿ, ಸರಿಯಿದ್ದ ಕೈಯಿಂದ ನನ್ನ ಅಂಗಿ ಜಗ್ಗಿದ.

"ಕಾರಕೂನ್ರ, ಆ ಫೋಟೋ ನಂದಲ್ಲ ಅಂತ ಬರಸಾಕ ಈಗ ಬರ್ತದೇನ್ರಿ?"